ಮಂದ್ರದ ಭಾರ

ಓದುಬರಹ ಬಲ್ಲ ಮನೆಗಳಲ್ಲಿ ಈಚೆಗೆ ಒಂದು ಬಗೆಯ ವ್ಯಾಜ್ಯ ಹುಟ್ಟಿಕೊಂಡಿದೆ. ಕೋಣೆಯ ಬಾಗಿಲು ಹಾಕಿಕೊಂಡು ಮಗನೋ ಮಗಳೋ ಕೇಳುತ್ತಿರುವ ಸಂಗೀತ ಹಿರಿಯರ ಕಿವಿಗೆ ಬೀಳುತ್ತದೆ, 'ಇದೂ ಸಂಗೀತವೆ?' ಎಂಬ ಪ್ರಶ್ನೆ ಏಳುತ್ತದೆ. ಕೇಳಿದವರು ಉತ್ತರಕ್ಕೆ ಕಾಯುವುದಿಲ್ಲ, ಏಕೆಂದರೆ ತೀರ್ಪು ಆ ಪ್ರಶ್ನೆಯೊಳಗೇ ಇರುತ್ತದೆ. ತಗಡನ್ನು ಸೀಳಿದಂತೆ, ಯಂತ್ರವೊಂದು ಹಲ್ಲು ಕಡಿದಂತೆ ಕೇಳಿಸುವ ಈ ಸಂಗೀತಕ್ಕೆ ಡಬ್‌ಸ್ಟೆಪ್ ಎಂದು ಹೆಸರು. ಕಿರಿಯರಾದರೋ 'ನಿಮಗೆ ತಿಳಿಯದು' ಎಂದು ಹೇಳಿ ಮತ್ತೆ ಬಾಗಿಲು ಹಾಕಿಕೊಳ್ಳುತ್ತಾರೆ. ಒಂದೇ ಸೂರಿನ ಕೆಳಗೆ ಕೂಡಿ ಹಾಡು ಕೇಳುವ ಪದ್ಧತಿ ತಪ್ಪಿಹೋಗುವುದಕ್ಕೆ ಇಷ್ಟು ಸಾಕು.

ತೀರ್ಪು ಸರಿಯೋ ತಪ್ಪೋ ಎಂಬುದು ಆಮೇಲಿನ ಮಾತು. ತೀರ್ಪು ಕೊಟ್ಟವರು ಆ ಸಂಗೀತವನ್ನು ಪೂರ್ತಿಯಾಗಿ ಕೇಳಿಯೇ ಇಲ್ಲ ಎಂಬುದು ಮೊದಲ ಮಾತು. ಮೃದಂಗದ ಎಡಮುಖಕ್ಕೆ ದಪ್ಪ ಬಟ್ಟೆ ಸುತ್ತಿ, ಬಲಮುಖವೊಂದನ್ನೇ ನುಡಿಸಿದರೆ ವಿದ್ವಾಂಸನ ಕೈ ಎಂಥದೆಂದು ಹೇಳುವುದುಂಟೆ? ಮೊಬೈಲಿನ ಬಾಯಿಂದ ಡಬ್‌ಸ್ಟೆಪ್ ಕೇಳುವುದೆಂದರೆ ಅದಕ್ಕಿಂತಲೂ ಕಡಮೆ. ಗಾಯಕಿಯರು ಹಿಡಿಯುವ ಮಧ್ಯ ಷಡ್ಜಕ್ಕೆ ಸೆಕೆಂಡಿಗೆ ಸುಮಾರು ೨೦೦ ಕಂಪನಗಳು. ಡಬ್‌ಸ್ಟೆಪ್ಪಿನ ಜೀವವಿರುವುದು ಅದಕ್ಕೆ ಎರಡು ಸ್ಥಾಯಿ ಕೆಳಗೆ, ೪೦ರಿಂದ ೬೦ ಕಂಪನಗಳ ಆಸುಪಾಸಿನಲ್ಲಿ. ೫೦ ಕಂಪನಗಳ ನಾದದ ಒಂದೊಂದು ಅಲೆಯೂ ಗಾಳಿಯಲ್ಲಿ ಸುಮಾರು ೨೨ ಅಡಿ ಉದ್ದವಾಗಿರುತ್ತದೆ. ಅಂಥ ಅಲೆಯನ್ನು ಎಬ್ಬಿಸುವ ಶಕ್ತಿ ಹೆಬ್ಬೆರಳಿನ ಉಗುರಿನಷ್ಟಗಲದ ಧ್ವನಿವರ್ಧಕಕ್ಕೆ ಎಲ್ಲಿಂದ ಬರಬೇಕು? ಮೇಲಣ ಕರ್ಕಶವಷ್ಟೇ ಹೊರಗೆ ಬರುತ್ತದೆ. ಅದನ್ನು ಹೊತ್ತು ನಿಂತ ಅಡಿಪಾಯ ಒಳಗೇ ಉಳಿದುಬಿಡುತ್ತದೆ.

ಆ ಅಡಿಪಾಯವನ್ನು ಕಿವಿಗಿಂತ ಹೆಚ್ಚಾಗಿ ಮೈ ಬಲ್ಲದು. ಜಾತ್ರೆಯಲ್ಲಿ ಡೊಳ್ಳಿನ ಮೇಳದ ಎದುರಿಗೆ ನಿಂತವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಪೆಟ್ಟು ಬೀಳುವುದು ಚರ್ಮದ ಮೇಲೆ. ನಡುಗುವುದು ನೋಡುವವನ ಎದೆಗೂಡು.

ಈ ಮಂದ್ರದ ಹುಚ್ಚು ಹುಟ್ಟಿದ್ದು ಜಮೈಕಾ ದ್ವೀಪದಲ್ಲಿ. ಕಿಂಗ್‌ಸ್ಟನ್ ಪಟ್ಟಣದಲ್ಲಿ ಆಸ್ಬರ್ನ್ ರಡಕ್ ಎಂಬ ವಿದ್ಯುದ್ಯಂತ್ರಗಳ ರಿಪೇರಿಗಾರನಿದ್ದ; ಲೋಕ ಅವನನ್ನು ಕಿಂಗ್ ಟಬ್ಬಿ ಎಂದು ಬಲ್ಲದು. ೧೯೭೦ರ ಸುಮಾರಿನಲ್ಲಿ ಅವನೂ ಅವನ ಸಮಕಾಲೀನರೂ ಧ್ವನಿಮುದ್ರಣವಾದ ಹಾಡುಗಳಿಂದ ಗಾಯಕನ ಕಂಠವನ್ನು ತೆಗೆದುಹಾಕಿ, ತಮ್ಮಟೆಯನ್ನೂ ಮಂದ್ರವನ್ನೂ ಉಳಿಸಿಕೊಂಡು, ಅದಕ್ಕೆ ಪ್ರತಿಧ್ವನಿ ಕೂಡಿಸುತ್ತ ಬಂದರು. 'ಡಬ್' ಎಂಬುದು ಅದರ ಹೆಸರು. ಹಾಡಿನ ಮಾಂಸವನ್ನು ತೆಗೆದು ಎಲುಬಿನ ಗೂಡನ್ನು ಕುಣಿಸಿದಂತೆ! ೧೯೪೮ರಲ್ಲಿ ವಿಂಡ್‌ರಷ್ ಎಂಬ ಹಡಗು ಇಂಗ್ಲೆಂಡಿನ ತೀರ ಮುಟ್ಟಿದಂದಿನಿಂದ ಕೆರಿಬಿಯನ್ ದ್ವೀಪಗಳ ಜನ ಆ ದೇಶದಲ್ಲಿ ಹೆಚ್ಚು ಹೆಚ್ಚಾಗಿ ನೆಲೆಸತೊಡಗಿದರು. ಬಿಳಿಯರ ನೃತ್ಯಶಾಲೆಗಳಲ್ಲಿ ಅನೇಕ ಕಡೆ ಅವರಿಗೆ ಪ್ರವೇಶವಿರಲಿಲ್ಲ. ಅವರು ಬೀರುವಿನಷ್ಟೆತ್ತರದ ಧ್ವನಿವರ್ಧಕಗಳನ್ನು ತಾವೇ ಕಟ್ಟಿಕೊಂಡು, ಮನೆಯ ನೆಲಮಾಳಿಗೆಗಳಲ್ಲಿಯೇ ಕೂಟ ಸೇರಿದರು. ಹೊರಗಿನ ಬಾಗಿಲು ಮುಚ್ಚಿದವರಿಗೆ ಒಳಗಿನ ಗೋಡೆ ನಡುಗಿಸುವ ಹಕ್ಕಾದರೂ ಬೇಡವೆ?

ಮುಂದಿನ ಕಥೆ ನಡೆದದ್ದು ಲಂಡನ್ನಿನ ದಕ್ಷಿಣದ ಅಂಚಿನಲ್ಲಿರುವ ಕ್ರಾಯ್ಡನ್ನಿನಲ್ಲಿ, ಹೊಸ ಶತಮಾನದ ಮೊದಲ ವರ್ಷಗಳಲ್ಲಿ. ಅಲ್ಲಿಯ ಸಂತೆಬೀದಿಯಲ್ಲಿ ಬಿಗ್ ಆ್ಯಪಲ್ ಎಂಬ ಗ್ರಾಮಫೋನ್ ಪ್ಲೇಟುಗಳ ಅಂಗಡಿಯಿತ್ತು. ಹ್ಯಾಚಾ ಎಂಬ ತರುಣ ಅಲ್ಲಿ ಪ್ಲೇಟು ಮಾರುತ್ತಿದ್ದ. ಸ್ಕ್ರೀಮ್, ಬೆಂಗಾ ಎಂದು ಮುಂದೆ ಹೆಸರಾದ ಇಬ್ಬರು ಹುಡುಗರು, ಇನ್ನೂ ಮೀಸೆ ಚಿಗುರದ ವಯಸ್ಸಿನವರು, ಅಲ್ಲಿಯೇ ಠಳಾಯಿಸುತ್ತಿದ್ದು ಮನೆಯ ಗಣಕಯಂತ್ರದಲ್ಲಿ ತಾವು ಕಟ್ಟಿದ್ದನ್ನು ತಂದು ಕೇಳಿಸುತ್ತಿದ್ದರು. ಆಗ ಲಂಡನ್ನಿನಲ್ಲಿ ಗ್ಯಾರೇಜ್ ಎಂಬ ಉಲ್ಲಾಸದ ಕುಣಿತದ ಸಂಗೀತಕ್ಕೆ ಮನ್ನಣೆ. ಈ ಹುಡುಗರು ಅದರ ಉಲ್ಲಾಸವನ್ನೂ ಕಂಠವನ್ನೂ ಕಳೆದು, ಜಮೈಕಾದವರು ಮಾಡಿದಂತೆಯೇ, ಎಲುಬನ್ನಷ್ಟೇ ಉಳಿಸಿಕೊಂಡರು. ೨೦೦೨ರ ಹೊತ್ತಿಗೆ ಡಬ್‌ಸ್ಟೆಪ್ ಎಂಬ ಹೆಸರು ಅಚ್ಚಿನಲ್ಲಿ ಕಾಣಿಸಿಕೊಂಡಿತು.

೨೦೦೫ರಲ್ಲಿ ಮಾಲಾ, ಕೋಕಿ, ಲೋಫಾ ಎಂಬ ಗೆಳೆಯರು ಬ್ರಿಕ್ಸ್‌ಟನ್ನಿನಲ್ಲಿ ಡಿಎಮ್‌ಜಡ್ ಎಂಬ ಹೆಸರಿನ ರಾತ್ರಿಕೂಟವನ್ನು ಆರಂಭಿಸಿದರು. ಸ್ಥಳ ಸಂತ ಮ್ಯಾಥ್ಯೂವಿನ ಚರ್ಚಿನ ನೆಲಮಾಳಿಗೆ. ಬೆಳಕು ಅತ್ಯಲ್ಪ, ಅಲಂಕಾರವೆಂಬುದಿಲ್ಲ. ಮಂದ್ರದ ಭಾರವನ್ನು ಧ್ಯಾನಿಸಲು ಬನ್ನಿರೆಂದು ಕರೆಯೋಲೆ. ಧ್ಯಾನವೆಂಬ ಮಾತು ಇಲ್ಲಿ ಬರಿಯ ಅಬ್ಬರವೆಂದು ಯಾರಾದರೂ ನಗಬಹುದು. ಆದರೆ ಅಲ್ಲಿಗೆ ಹೋದವರು ಹೇಳುವುದು ಅದನ್ನೇ: ಜನ ಕಣ್ಣು ಮುಚ್ಚಿ, ತಲೆ ಬಾಗಿ, ನಿಂತಲ್ಲಿಯೇ ತೂಗುತ್ತಿದ್ದರಂತೆ. ಮರುವರ್ಷದ ವಾರ್ಷಿಕೋತ್ಸವಕ್ಕೆ ಬಂದವರ ಸಾಲು ಬೀದಿಯುದ್ದಕ್ಕೂ ಬೆಳೆದು, ಕೂಟವನ್ನು ಅದೇ ಕಟ್ಟಡದ ಮೇಲಣ ದೊಡ್ಡ ಸಭಾಂಗಣಕ್ಕೆ ಸಾಗಿಸಬೇಕಾಯಿತು.

ಅಲ್ಲಿ ನುಡಿಸುತ್ತಿದ್ದುದರಲ್ಲಿ ಬಹುಪಾಲು ಅಂಗಡಿಯಲ್ಲಿ ಸಿಕ್ಕತಕ್ಕದ್ದಲ್ಲ. ಹೊಸ ಕೃತಿಯನ್ನು ಡಬ್‌ಪ್ಲೇಟ್ ಎಂಬ ಮೆತ್ತನೆಯ ಲೇಪದ ತಟ್ಟೆಗೆ ಒಂದೇ ಪ್ರತಿಯಾಗಿ ಕೊರೆಯಿಸಿ ತರುತ್ತಿದ್ದರು. ಮುಳ್ಳು ಓಡಿದಷ್ಟೂ ಅದು ಸವೆಯುತ್ತದೆ. ಕೆಲವು ಹತ್ತು ಸಲ ನುಡಿಸಿದರೆ ಆಯುಸ್ಸು ಮುಗಿಯಿತು. ಕೇಳಬೇಕೆಂದವನು ಅಲ್ಲಿಗೇ ಬರಬೇಕು. ಕೃತಿ ಮೆಚ್ಚಿಗೆಯಾದರೆ ಜನ ಗೋಡೆ ಬಡಿದು ಕೂಗುತ್ತಾರೆ; ನುಡಿಸುವವನು ತಟ್ಟೆಯನ್ನು ಹಿಂದಕ್ಕೆ ತಿರುಗಿಸಿ ಮೊದಲಿನಿಂದ ಕೇಳಿಸಬೇಕು. ಕಂಪನಿ ನಾಟಕಗಳಲ್ಲಿ 'ಒನ್ಸ್‌ಮೋರ್' ಬಿದ್ದರೆ ಸತ್ತು ಬಿದ್ದ ಪಾತ್ರಧಾರಿಯೂ ಎದ್ದು ಹಾಡುತ್ತಿದ್ದನೆಂಬ ಮಾತು ನೆನಪಿದ್ದವರಿಗೆ ಈ ಸಂಪ್ರದಾಯ ಹೊಸದಾಗಿ ತೋರದು.

ಇನ್ನು ಲಯದ ವಿಚಾರ. ನಿಮಿಷಕ್ಕೆ ೧೪೦ ಪೆಟ್ಟುಗಳ ಓಟ; ಆದರೆ ಭಾರದ ಪೆಟ್ಟು ಬೀಳುವುದು ಅದರ ಅರ್ಧ ಗತಿಯಲ್ಲಿ. ಮೇಲೆ ದುರಿತ, ಕೆಳಗೆ ಚೌಕ. ಕೇಳುವವನು ಯಾವ ಕಾಲವನ್ನು ಬೇಕಾದರೂ ಹಿಡಿದು ತಾಳ ಹಾಕಬಹುದು. ಒಂದು ನಿಮಿಷದಷ್ಟು ಕಾಲ ಬರಿಯ ಸೂಚನೆಗಳಿಂದ ನಿರೀಕ್ಷೆಯನ್ನು ಬೆಳಸಿ, ಒಂದು ಕ್ಷಣ ಎಲ್ಲವನ್ನೂ ನಿಲ್ಲಿಸಿ, ಮಂದ್ರವನ್ನು ಒಮ್ಮೆಲೇ ಕೆಡಹುತ್ತಾರೆ. ಇದಕ್ಕೆ 'ಡ್ರಾಪ್' ಎನ್ನುತ್ತಾರೆ. ತನಿ ಆವರ್ತನದ ಕೊನೆಯ ಮುಕ್ತಾಯ ಸಮಕ್ಕೆ ಬಂದು ಬಿದ್ದಾಗ ಸಭೆಯಲ್ಲಿ ಏಳುವ ಉದ್ಗಾರ ಯಾವುದೋ ಇದೂ ಅದೇ ಜಾತಿಯದು. ಅಲ್ಲಿ ಲೆಕ್ಕದ ಚಾತುರ್ಯ ಹೆಚ್ಚು, ಇಲ್ಲಿ ಭಾರ ಹೆಚ್ಚು.

ಹಾಗಾದರೆ ಆ ಹಲ್ಲು ಕಡಿಯುವ ಶಬ್ದ ಬಂದುದೆಲ್ಲಿಂದ? ಮೋರ್ಸಿಂಗ್ ನುಡಿಸುವವರು ಬಾಯಿಯ ಆಕಾರವನ್ನು ಬದಲಿಸುತ್ತ ಒಂದೇ ನಾದಕ್ಕೆ ನಾನಾ ಬಣ್ಣ ಕೊಡುವುದಿಲ್ಲವೆ? ವಿದ್ಯುತ್ತಿನ ಶೋಧಕವೊಂದು ಮಂದ್ರದ ನಾದಕ್ಕೆ ಹಾಗೆಯೇ ಬಾಯಿ ತೆರೆದು ಮುಚ್ಚಿದರೆ 'ವಾ ವಾ' ಎಂಬ ತೂಗಾಟ ಬರುತ್ತದೆ. ಇದಕ್ಕೆ ವಾಬಲ್ ಎಂದು ಹೆಸರು. ಅದರ ಮೇಲೆ ನಾದವನ್ನು ಬೇಕೆಂದೇ ಒಡೆದು ವಿಕಾರಗೊಳಿಸಿದರೆ ಉಪಸ್ವರಗಳ ಹಿಂಡು ಏಳುತ್ತದೆ. ತಂಬೂರಿಯಲ್ಲಿ ಯಾರೂ ಮೀಟದ ಗಾಂಧಾರ ತಾನಾಗಿ ಕೇಳಿಬರುವುದು ಉಪಸ್ವರದಿಂದಲೇ. ಉಪಸ್ವರಗಳು ಕೇಳಿಸಿದರೆ, ಅವುಗಳ ಮೂಲಸ್ವರ ಇಲ್ಲದಿದ್ದರೂ ಮನಸ್ಸು ಅದನ್ನು ಊಹಿಸಿಕೊಳ್ಳುತ್ತದೆ. ಆದುದರಿಂದ ಒಡೆದ ಮಂದ್ರ ಸಣ್ಣ ಯಂತ್ರಗಳಲ್ಲಿಯೂ ಒಂದಿಷ್ಟು ಕೇಳಿಸುತ್ತದೆ. ನೆಲಮಾಳಿಗೆಯ ಸಂಗೀತ ಅಂತರ್ಜಾಲದ ಮೂಲಕ ಸಣ್ಣ ಗಣಕಗಳಿಗೆ ಬಂದ ಕಾಲಕ್ಕೆ, ಭಾರ ಕೆಳಗಿನಿಂದ ಮೇಲಕ್ಕೇರಿ ಆರ್ಭಟವಾದುದು ಕೇವಲ ಆಕಸ್ಮಿಕವಲ್ಲ. ೨೦೧೦ರಲ್ಲಿ ಅಮೆರಿಕದ ಸ್ಕ್ರಿಲೆಕ್ಸ್, ಮೊದಲು ರಾಕ್ ತಂಡವೊಂದರಲ್ಲಿ ಹಾಡುತ್ತಿದ್ದವನು, ಈ ಆರ್ಭಟದ ಮಾರ್ಗವನ್ನು ಲೋಕಪ್ರಸಿದ್ಧಗೊಳಿಸಿದ. ೨೦೧೨ರ ಗ್ರ್ಯಾಮಿ ಸಮಾರಂಭದಲ್ಲಿ ಅವನಿಗೆ ಮೂರು ಪ್ರಶಸ್ತಿಗಳು ಬಂದವು. ಲಂಡನ್ನಿನ ಹಳಬರಲ್ಲಿ ಅನೇಕರು ಇದನ್ನು ಬ್ರೋಸ್ಟೆಪ್ ಎಂದು ಹೀಗಳೆದರು. ಅವರ ಕೋಪದಲ್ಲಿ ಸ್ವಲ್ಪ ನ್ಯಾಯವೂ ಸ್ವಲ್ಪ ಹೊಟ್ಟೆಕಿಚ್ಚೂ ಇವೆ. ಸ್ಕ್ರಿಲೆಕ್ಸನ ಕೃತಿಗಳಲ್ಲಿ ಒಂದು ಗರ್ಜನೆಗೆ ಇನ್ನೊಂದು ಉತ್ತರ ಕೊಡುವ ಚುರುಕು ಸಂವಾದವಿದೆ. ಅವನನ್ನು ಅನುಕರಿಸಿದವರಲ್ಲಿ ಬಹುಮಂದಿಯಲ್ಲಿರುವುದು ಗರ್ಜನೆ ಮಾತ್ರ.

ಕಿವಿಯ ರಕ್ಷಣೆಯ ಮಾತನ್ನು ಇಲ್ಲಿ ಹೇಳದೆ ಬಿಡಲಾಗದು. ಹಿರಿಯರ ಆಕ್ಷೇಪಗಳಲ್ಲಿ ಪೂರಾ ನಿಜವಾದುದು ಇದೊಂದೇ. ೮೦ ಡೆಸಿಬೆಲಿನ ಶಬ್ದವನ್ನು ವಾರಕ್ಕೆ ೪೦ ಗಂಟೆ ಕೇಳಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಅಲ್ಲಿಂದ ಮೂರು ಮೂರು ಡೆಸಿಬೆಲ್ ಏರಿದಂತೆ ಅವಧಿ ಅರ್ಧರ್ಧವಾಗಿ ಇಳಿಯುತ್ತದೆ. ೧೦೦ಕ್ಕೆ ಬರುವ ಹೊತ್ತಿಗೆ ವಾರಕ್ಕೆಲ್ಲ ಸೇರಿ ಇಪ್ಪತ್ತು ನಿಮಿಷದಷ್ಟು ಉಳಿಯುತ್ತದೆ. ಹೋದ ಶ್ರವಣಶಕ್ತಿ ಯಾವ ವೈದ್ಯದಿಂದಲೂ ಹಿಂದಿರುಗುವುದಿಲ್ಲ. ಇಂಥ ಕೂಟಕ್ಕೆ ಹೋಗುವ ಮಕ್ಕಳನ್ನು ಬೈಯುವುದಕ್ಕೆ ಬದಲು ಒಂದು ಜೊತೆ ಕಿವಿಬಿರಡೆಗಳನ್ನು ಜೇಬಿಗೆ ಹಾಕಿ ಕಳುಹಿಸುವುದು ಮೇಲು. ಮಂದ್ರಕ್ಕೆ ಅದರಿಂದ ಹೆಚ್ಚು ನಷ್ಟವಿಲ್ಲ. ಅದು ಎದೆಯ ದಾರಿಯಿಂದಲೂ ಒಳಗೆ ಬರಬಲ್ಲದು.

ಮನೆಯಲ್ಲಿಯೇ ಕೇಳಬಯಸುವವರಿಗೆ ದೊಡ್ಡ ಕೋನಿನ ಧ್ವನಿವರ್ಧಕ ಬೇಕು, ಇಲ್ಲವೆ ಕಿವಿಯನ್ನು ಪೂರಾ ಮುಚ್ಚುವ ಒಳ್ಳೆಯ ಹೆಡ್‌ಫೋನ್ ಬೇಕು. ಶಬ್ದವನ್ನು ಮಿತವಾಗಿಯೇ ಇಡಲಿ. ಮೊದಲು ಸ್ಕ್ರೀಮ್ ೨೦೦೫ರಲ್ಲಿ ಹೊರತಂದ 'ಮಿಡ್‌ನೈಟ್ ರಿಕ್ವೆಸ್ಟ್ ಲೈನ್'. ಅದರಲ್ಲಿ ಸುಲಭವಾಗಿ ಗುನುಗುವಂಥ ಒಂದು ವರಸೆಯಿದೆ. ಅನಂತರ ಮಾಲಾ ಕಟ್ಟಿದ 'ಆ್ಯಂಟಿ ವಾರ್ ಡಬ್'. ರಾತ್ರಿ ಮಳೆ ಹಿಡಿದಾಗ ಬರಿಯಲ್ ಎಂಬವನ ೨೦೦೭ರ 'ಅನ್‌ಟ್ರೂ'. ಖಾಲಿ ಬಸ್ಸಿನಲ್ಲಿ ಒಬ್ಬರೇ ಮನೆಗೆ ಹಿಂದಿರುಗಿದಂಥ ವಿಷಾದ ಅದರ ತುಂಬ ಇದೆ. ಸ್ಕ್ರಿಲೆಕ್ಸನನ್ನು ಕೊನೆಗಿಟ್ಟುಕೊಳ್ಳುವುದು ಲೇಸು. ಅಷ್ಟು ಹೊತ್ತಿಗೆ ಆರ್ಭಟದ ಕೆಳಗೆ ಏನು ಹರಿಯುತ್ತಿದೆಯೆಂದು ಕಿವಿ ತಾನೇ ಹುಡುಕತೊಡಗಿರುತ್ತದೆ. ಎಲ್ಲಿ ಹುಡುಕಬೇಕೆಂಬುದನ್ನು, ಬಾಗಿಲು ತಟ್ಟಿ ಕೇಳಿದರೆ, ಕೋಣೆಯೊಳಗಿನ ಮಗಳೂ ಹೇಳಿಯಾಳು.