ಹಾಡು ಮುಗಿದ ಮೇಲೆ

ಕಿರುತೆರೆಯ ಗಾಯನಸ್ಪರ್ಧೆಗಳನ್ನು ನೋಡುವವರಲ್ಲಿ ಹೆಚ್ಚಿನವರು ಹಾಡಿಗಾಗಿ ನೋಡುತ್ತಾರೆ. ನಾನಾದರೋ ಹಾಡಿಗಾಗಿ ಎಷ್ಟೋ ಅಷ್ಟೇ, ಹಾಡು ಮುಗಿದು ಚಪ್ಪಾಳೆ ಅಡಗಿ ತೀರ್ಪುಗಾರರಲ್ಲೊಬ್ಬರು ಮೈಕನ್ನು ಕೈಗೆತ್ತಿಕೊಳ್ಳುವುದಕ್ಕೆ ಮುಂಚಿನ ಆ ಅಲ್ಪಾವಕಾಶಕ್ಕಾಗಿಯೂ ನೋಡುವವನು. ಆ ಅವಕಾಶದಲ್ಲಿ ನನ್ನ ತೀರ್ಪು ಸಿದ್ಧವಾಗಬೇಕು. ಎತ್ತುಗಡೆ ಶುದ್ಧವಾಗಿತ್ತೆ, ಚರಣದಲ್ಲಿ ತಾರಸ್ಥಾಯಿಗೆ ಏರುವಾಗ ಶ್ರುತಿ ಕೂದಲೆಳೆಯಷ್ಟು ಇಳಿಯಿತೆ, ಉಸಿರು ಪದದ ನಡುವೆ ಕಡಿಯಿತೆ, ಳಕಾರ ಲಕಾರವಾಯಿತೆ ಎಂಬುದನ್ನೆಲ್ಲ ಮನಸ್ಸಿನಲ್ಲಿ ಗೊತ್ತುಮಾಡಿಕೊಂಡು, ಬಳಿಕ ಬಲ್ಲವರ ಮಾತಿಗೆ ಕಿವಿಗೊಡುವುದರಲ್ಲಿ ಒಂದು ವಿಶೇಷ ಸುಖವುಂಟು. ನಾನು ಗುರುತಿಸಿದ್ದನ್ನೇ ಅವರೂ ಗುರುತಿಸಿದರೆ ಸಂತೋಷ; ನನಗೆ ಕೇಳಿಸದೆ ಹೋದುದನ್ನು ಅವರು ಎತ್ತಿ ತೋರಿಸಿದರೆ ಇಮ್ಮಡಿ ಸಂತೋಷ, ಏಕೆಂದರೆ ಮುಂದಿನ ಹಾಡಿಗೆ ನನ್ನ ಕಿವಿ ಅಷ್ಟುಮಟ್ಟಿಗೆ ಹರಿತವಾಗಿರುತ್ತದೆ.

ಈ ಸುಖದ ರುಚಿಯನ್ನು ಕನ್ನಡ ವೀಕ್ಷಕರಿಗೆ ಹತ್ತಿಸಿದವರು ಎಸ್. ಪಿ. ಬಾಲಸುಬ್ರಹ್ಮಣ್ಯಂ. ಜಿ. ಎಸ್. ಶಿವರುದ್ರಪ್ಪನವರ ಕವಿತೆಯನ್ನು ನೆನಪಿಗೆ ತರುವ ಹೆಸರಿನ ‘ಎದೆ ತುಂಬಿ ಹಾಡುವೆನು’ ಕಾರ್ಯಕ್ರಮವನ್ನು ಈಟಿವಿಯಲ್ಲಿ ಅವರು ನಡೆಸಿಕೊಡುತ್ತಿದ್ದ ರೀತಿಯಲ್ಲಿ ನಿರೂಪಕ, ವಿಮರ್ಶಕ, ಗುರು ಎಂಬ ಮೂರು ಪಾತ್ರಗಳೂ ಬೇರೆಬೇರೆಯಾಗಿ ಉಳಿಯದೆ ಒಂದರಲ್ಲೊಂದು ಬೆರೆತುಹೋಗಿದ್ದುವು. ಹಾಡನ್ನು ಬರೆದ ಕವಿ ಯಾರು, ಅದಕ್ಕೆ ಧಾತುವನ್ನು ಕೊಟ್ಟವರಾರು ಎಂಬುದನ್ನು ನೆನೆಯುವುದು ಅವರಿಗೆ ಋಣಸಂದಾಯದಂತಿತ್ತು. ಸ್ಪರ್ಧಿ ಎಡವಿದ ಸಂಗತಿಯನ್ನು ಅವರು ಮೃದುವಾಗಿ ಎತ್ತಿಕೊಂಡು ತಾವೇ ಹಾಡಿ ತೋರಿಸುವರು. ಆ ಒಂದು ಸಾಲಿನಲ್ಲಿ ದೋಷವೂ ಪರಿಹಾರವೂ ಏಕಕಾಲದಲ್ಲಿ ತಿಳಿಯಾಗುತ್ತಿತ್ತು. ಕನ್ನಡ ಅವರ ಮಾತೃಭಾಷೆಯಲ್ಲ. ಆದುದರಿಂದಲೇ ಇರಬೇಕು, ಮಹಾಪ್ರಾಣವನ್ನು ನುಂಗುವ ಕನ್ನಡದ ಮಕ್ಕಳನ್ನು ಅವರು ಅಷ್ಟು ಕಳಕಳಿಯಿಂದ ತಿದ್ದುತ್ತಿದ್ದರು.

ಅವರಿಗೆ ಆ ಅಧಿಕಾರ ಬಂದದ್ದು ಕೀರ್ತಿಯಿಂದಲ್ಲ, ಶ್ರವಣದಿಂದ. ಶಾಸ್ತ್ರೀಯ ಸಂಗೀತವನ್ನು ಕ್ರಮವಾಗಿ ಅಭ್ಯಾಸಮಾಡದ ಅವರು ‘ಶಂಕರಾಭರಣಂ’ ಚಿತ್ರದ ಕೃತಿಗಳನ್ನು ಕೇಳಿ ಕೇಳಿ ಕಲಿತು ಹಾಡಿ ರಾಷ್ಟ್ರಪ್ರಶಸ್ತಿಗೆ ಪಾತ್ರರಾದರು. ಮುಂದೆ ಹಂಸಲೇಖರ ಸಂಗೀತ ನಿರ್ದೇಶನದ ‘ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ’ ಚಿತ್ರ ಅವರಿಗೆ ಕನ್ನಡದ ಮೂಲಕವೂ ಅದೇ ಗೌರವವನ್ನು ತಂದಿತು. ಅವರ ಬಾಳೇ ಒಂದು ಸ್ಪರ್ಧೆಯಿಂದ ತಿರುವು ಪಡೆದುದು. 1964ರಲ್ಲಿ ಮದರಾಸಿನ ತೆಲುಗು ಸಾಂಸ್ಕೃತಿಕ ಸಂಸ್ಥೆಯೊಂದು ಹವ್ಯಾಸಿ ಗಾಯಕರಿಗಾಗಿ ಏರ್ಪಡಿಸಿದ್ದ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಪಡೆದ ಆ ತರುಣನ ಕಂಠದಲ್ಲಿ ಸಂಗೀತ ನಿರ್ದೇಶಕ ಎಸ್. ಪಿ. ಕೋದಂಡಪಾಣಿಯವರು ಭವಿಷ್ಯವನ್ನು ಕಂಡು, 1966ರಲ್ಲಿ ಚಿತ್ರರಂಗದಲ್ಲಿ ಮೊದಲ ಅವಕಾಶವನ್ನಿತ್ತರು. ಆ ಉಪಕಾರವನ್ನು ಮರೆಯದ ಶಿಷ್ಯರು ತಮ್ಮ ಧ್ವನಿಮುದ್ರಣಾಲಯಕ್ಕೆ ಗುರುವಿನ ಹೆಸರನ್ನೇ ಇಟ್ಟರು. ಒಬ್ಬ ಸಹೃದಯನ ಕಿವಿ ಎಚ್ಚತ್ತಿದ್ದುದರಿಂದ ಭಾರತೀಯ ಚಿತ್ರಸಂಗೀತಕ್ಕೆ ಅರ್ಧಶತಮಾನದ ನಾದಸಂಪತ್ತು ದೊರೆಯಿತೆಂಬುದನ್ನು ನೆನೆದಾಗ, ತೀರ್ಪುಗಾರನ ಆಸನ ಎಷ್ಟು ಹೊಣೆಯದೆಂಬುದು ಅರಿವಾದೀತು.

ಜೀ ಕನ್ನಡದ ‘ಸರಿಗಮಪ’ದಲ್ಲಿ ಹಂಸಲೇಖರನ್ನು ಮಹಾಗುರುವೆಂದು ಕೂರಿಸಿ, ರಾಜೇಶ್ ಕೃಷ್ಣನ್, ವಿಜಯ್ ಪ್ರಕಾಶ್, ಅರ್ಜುನ್ ಜನ್ಯರನ್ನು ತೀರ್ಪುಗಾರರನ್ನಾಗಿ ಮಾಡಿದ ಏರ್ಪಾಟು ನನಗೆ ಬಹಳ ಹಿಡಿಸಿದುದು. ಸಾಹಿತ್ಯವನ್ನೂ ಸಂಗೀತವನ್ನೂ ತಾವೇ ಮಾಡುವ ಹಂಸಲೇಖರು ಮಾತಿನ ಒಳಗನ್ನು ಕಾಣಬಲ್ಲರು. ಗಾಯಕರಿಬ್ಬರು ಕಂಠದ ಕಷ್ಟಸುಖವನ್ನು ಬಲ್ಲರು. ಸಂಗೀತ ನಿರ್ದೇಶಕ ಜನ್ಯರ ಕಿವಿ ವಾದ್ಯಮೇಳದೊಡನೆ ಹಾಡು ಕೂಡಿಬಂತೆ ಎಂಬ ಕಡೆಗೆ ಸಹಜವಾಗಿ ವಾಲುವುದು. ವಿಜಯ್ ಪ್ರಕಾಶರಂತೂ ಹಿಂದಿಯ ‘ಸರೆಗಮ’ದಲ್ಲಿ ತಾವೇ ಒಮ್ಮೆ ಸ್ಪರ್ಧಿಯಾಗಿ ನಿಂತವರಾದುದರಿಂದ ಎದುರಿಗೆ ನಿಂತವನ ಎದೆಬಡಿತ ಅವರಿಗೆ ಅಪರಿಚಿತವಲ್ಲ. ಒಂದೇ ಹಾಡು ಹೀಗೆ ಹಲವು ಶ್ರವಣಗಳ ಮೂಲಕ ಹಾದು ಬರುವಾಗ ನಮ್ಮಂಥ ಶ್ರೋತೃಗಳಿಗೆ ಆಗುವ ಲಾಭ ಅಲ್ಪವಲ್ಲ.

ಆದರೆ ಆ ಲಾಭ ದಿನದಿನಕ್ಕೆ ತೆಳುವಾಗುತ್ತಿದೆಯೆಂಬುದೇ ನನ್ನ ವ್ಯಥೆ. ಶಿವಮೊಗ್ಗ ಸುಬ್ಬಣ್ಣನವರಿಗೆ ರಾಷ್ಟ್ರಪ್ರಶಸ್ತಿಯನ್ನು ತಂದ, ಚಂದ್ರಶೇಖರ ಕಂಬಾರರ ‘ಕಾಡು ಕುದುರೆ’ ಹಾಡನ್ನು ಯಾರಾದರೂ ಎತ್ತಿಕೊಂಡರೆನ್ನೋಣ. ಉತ್ಸಾಹದ ತರುಣನಿಗೆ ಅದರ ಓಟ ಸುಲಭವಾಗಿ ವಶವಾಗುತ್ತದೆ. ಓಟದ ಭರದಲ್ಲಿ ಪದಗಳ ಕೊನೆಯಕ್ಷರ ಕರಗಿಹೋಗುತ್ತದೆ, ಕವಿ ಕಟ್ಟಿದ ಚಿತ್ರ ಮಸುಕಾಗುತ್ತದೆ. ಆಗ ತೀರ್ಪುಗಾರರು ಎದ್ದುನಿಂತು ಚಪ್ಪಾಳೆ ತಟ್ಟಿ, “ಫೀಲ್ ಅದ್ಭುತವಾಗಿತ್ತು” ಎಂದು ಕುಳಿತುಬಿಟ್ಟರೆ ಹಾಡಿದವನಿಗೆ ದೊರೆತದ್ದೇನು, ಕೇಳಿದವರಿಗೆ ದೊರೆತದ್ದೇನು? ಬಾಯಿಗಿಟ್ಟೊಡನೆ ಸಾರಿಗೆ ಎಷ್ಟು ಉಪ್ಪು ಕಡಮೆಯೆಂದು ಹೇಳಬಲ್ಲ ಅಜ್ಜಿಯ ಹಾಗೆ, ಇಂಥ ಸಾಲಿನ ಇಂಥ ಪದದಲ್ಲಿ ಇಂಥದು ತಪ್ಪಿತೆಂದು ನಿರ್ದಿಷ್ಟವಾಗಿ ನುಡಿಯುವುದೇ ವಿಮರ್ಶೆ. ಕಟುವಾಗಿ ಹೇಳಬೇಕೆಂದು ನಾನು ಬಯಸುವವನಲ್ಲ. ಎಳೆಯ ಮಕ್ಕಳಿಗಂತೂ ಮೊದಲು ಗುಣವನ್ನು ಹೇಳಿ ಆಮೇಲೆ ದೋಷವನ್ನು ತಿದ್ದುವುದೇ ಉಚಿತ. ಆದರೆ ಪ್ರತಿಯೊಬ್ಬರಿಗೂ ಪೂರ್ಣಾಂಕವೇ ಬಂದಾಗ ನಿಜವಾಗಿ ಚೆನ್ನಾಗಿ ಹಾಡಿದವಳಿಗೆ ಕೊಡಲು ಏನೂ ಉಳಿಯದು. ಆ ಅನ್ಯಾಯವನ್ನು ಯಾರೂ ಲೆಕ್ಕಿಸುವುದಿಲ್ಲ.

ಇನ್ನು ಹಾಡಿಗೆ ಮೊದಲು ಸ್ಪರ್ಧಿಯ ಬಡತನವನ್ನು ಕರುಣ ವಾದ್ಯಸಂಗೀತದೊಡನೆ ತೋರಿಸುವ ಪದ್ಧತಿ. ಕಷ್ಟದಿಂದ ಮೇಲೆದ್ದು ಬಂದವರ ಬಗ್ಗೆ ನನಗೆ ಅಪಾರ ಗೌರವವಿದೆ. ಆ ಗೌರವವೇ ಅವರ ಹಾಡನ್ನು ಹಾಡೆಂದೇ ಕೇಳಬೇಕೆಂದು ನನ್ನನ್ನು ಒತ್ತಾಯಿಸುತ್ತದೆ. ಕಣ್ಣೀರು ಕಿವಿಯನ್ನು ಮಂಕುಮಾಡಿದ ಮೇಲೆ ಕೊಟ್ಟ ಅಂಕ ಅನುಕಂಪದ ದಾನವಾಗುವುದೇ ಹೊರತು ಕಲೆಯ ಗೌರವವಾಗದು. ಮತದಾನದ ಮಾತೂ ಇದೇ. 2004ರಲ್ಲಿ ಆರಂಭವಾದ ‘ಇಂಡಿಯನ್ ಐಡಲ್’ ವೀಕ್ಷಕರ ಕೈಗೆ ಎಸ್‌ಎಂಎಸ್ಸಿನ ಮತವನ್ನು ಕೊಟ್ಟಿತು. ಊರಭಿಮಾನಕ್ಕೆ ಅದು ಒಳ್ಳೆಯ ಅಳತೆ, ಶ್ರುತಿಶುದ್ಧಿಗೆ ಅಲ್ಲ.

ಆದುದರಿಂದ ಕಾರ್ಯಕ್ರಮಗಳ ನಿರ್ಮಾಪಕರಲ್ಲಿ ನನ್ನದೊಂದು ವಿನಂತಿ: ಸ್ಪರ್ಧಿಯ ಮನೆಮಠಗಳ ಚಿತ್ರಣಕ್ಕೆ ಕೊಡುವ ಹೊತ್ತಿನಲ್ಲಿ ಎರಡು ನಿಮಿಷವನ್ನು ಉಳಿಸಿ ತೀರ್ಪುಗಾರರಿಗೆ ಕೊಡಿ, ತಪ್ಪಿದ ಸಾಲನ್ನು ಅವರು ಹಾಡಿ ತೋರಿಸಲಿ, ಸ್ಪರ್ಧಿ ಅದನ್ನು ಅಲ್ಲಿಯೇ ಇನ್ನೊಮ್ಮೆ ಹಾಡಲಿ, ನಾವೂ ಕೇಳುತ್ತೇವೆ.