ಮೆಸ್ ಬಿಲ್ಲಿನ ರಾಜಕೀಯ

ಇಂಜಿನಿಯರಿಂಗ್ ಹುಡುಗರಿಗೆ ರಾಜಕೀಯದ ಗಂಧ ಗಾಳಿ ಇಲ್ಲ ಅನ್ನುವವರು ಒಮ್ಮೆ ಹಾಸ್ಟೆಲ್ಲಿನ ಮೆಸ್ ಮೀಟಿಂಗಿಗೆ ಹೋಗಿ ಕೂರಬೇಕು. ವಾರಕ್ಕೆರಡು ದಿನ ಜೋಳದ ರೊಟ್ಟಿ ಬೇಕೇ ಬೇಕು ಅಂತ ಕಲಬುರಗಿ, ವಿಜಯಪುರದವರು. ಹಾಗಾದ್ರೆ ಮುದ್ದೆ ಏನು ಪಾಪ ಮಾಡಿತ್ತು ಅಂತ ಮಂಡ್ಯ, ಹಾಸನದವರು. ನಡುವೆ ಕುಚ್ಚಲಕ್ಕಿ ಕೇಳಿದ ಕರಾವಳಿಯವನು ಇಬ್ಬರಿಂದಲೂ ಬೈಸಿಕೊಳ್ಳುತ್ತಾನೆ. ಮೆಸ್ ಸೆಕ್ರೆಟರಿ ಚುನಾವಣೆಯಲ್ಲಿ 'ಆಪರೇಷನ್' ಕೂಡ ಉಂಟು. ಒಂದು ಬೇಯಿಸಿದ ಮೊಟ್ಟೆಗೆ ಪಕ್ಷಾಂತರ ಮಾಡಿದ ಮಹನೀಯರಿದ್ದಾರೆ.

ಮೆಸ್ಸಿನ ಜಗಳ ತಾನೇ ಅಂತ ಹಗುರಾಗಿ ತೆಗೆದುಕೊಳ್ಳಬೇಡಿ. 1973ರ ಡಿಸೆಂಬರ್‌ನಲ್ಲಿ ಅಹಮದಾಬಾದಿನ ಎಲ್.ಡಿ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೆಸ್ ಬಿಲ್ಲು ಶೇಕಡಾ 20ರಷ್ಟು ಏರಿತು. ಹುಡುಗರು ಮುಷ್ಕರ ಹೂಡಿದರು. ಅತ್ತ ಊರಲ್ಲಿ ಎಣ್ಣೆ, ಕಾಳುಕಡ್ಡಿಯ ಬೆಲೆಯೂ ಗಗನಕ್ಕೇರಿತ್ತು. ಮೇಷ್ಟ್ರುಗಳು, ನೌಕರರು, ಮನೆಯ ಹೆಂಗಸರು ಎಲ್ಲ ಬೀದಿಗಿಳಿದರು. ಅದೇ ನವನಿರ್ಮಾಣ ಚಳವಳಿ. 1974ರ ಫೆಬ್ರವರಿ 9ರಂದು ಗುಜರಾತಿನ ಮುಖ್ಯಮಂತ್ರಿ ಚಿಮನ್‌ಭಾಯಿ ಪಟೇಲ್ ರಾಜೀನಾಮೆ ಕೊಟ್ಟರು. ಮುಂದಿನ ತಿಂಗಳು ವಿಧಾನಸಭೆಯೇ ವಿಸರ್ಜನೆಯಾಯಿತು. ಎಲ್ಲ ಸುಖವಾಗಿ ನಡೆಯಿತು ಅಂತಲ್ಲ, ಗಲಭೆ-ಗೋಲಿಬಾರಿನಲ್ಲಿ ಜನ ಸತ್ತರು. ಆದರೆ ಸಾರು ನೀರಾಗಿದ್ದಕ್ಕೆ ಅಡುಗೆಭಟ್ಟನನ್ನು ಬೈದು ಸುಮ್ಮನಾಗದೆ, ಎಣ್ಣೆ ಯಾಕೆ ತುಟ್ಟಿಯಾಯಿತು ಅಂತ ಕೇಳಿದ್ದು ಆ ಹುಡುಗರ ದೊಡ್ಡತನ. ಅಷ್ಟೊತ್ತಿಗೆ ಪಟ್ನಾದಲ್ಲಿ ಜಯಪ್ರಕಾಶ್ ನಾರಾಯಣರ ಚಳವಳಿಯ ಬೆನ್ನಿಗೆ ನಿಂತವರಲ್ಲಿ ಮುಂದೆ ಬಿಹಾರದ ಮುಖ್ಯಮಂತ್ರಿಯಾದ ನಿತೀಶ್ ಕುಮಾರ್ ಕೂಡ ಒಬ್ಬರು, ಅವರು ಓದಿದ್ದೂ ಇಂಜಿನಿಯರಿಂಗೇ, ಎಲೆಕ್ಟ್ರಿಕಲ್.

ನಮ್ಮ ಹುಡುಗರು 'ಯಾಕೆ ತುಟ್ಟಿ' ಅನ್ನುವ ಪ್ರಶ್ನೆಯ ಹತ್ತಿರ ಬರುವಷ್ಟರಲ್ಲಿ ಇಂಟರ್ನಲ್ಸ್ ಬಂದುಬಿಡುತ್ತದೆ. ಅದು ಮುಗಿದರೆ ಪ್ರಾಜೆಕ್ಟು, ಆಮೇಲೆ ಪ್ಲೇಸ್‌ಮೆಂಟು. ಕಂಪನಿ ಬರುವ ಹೊತ್ತಿಗೆ ರಾಜಕೀಯ ಮಾತಾಡಿ ಯಾಕಪ್ಪ ಕೆಟ್ಟ ಹೆಸರು ಅಂತ ಅಪ್ಪ-ಅಮ್ಮನ ಉಪದೇಶ ಬೇರೆ. ಇದೇ ಅಪ್ಪ ಮನೆಯಲ್ಲಿ ಟಿವಿ ಎದುರು ಕೂತು ದಿನಾ ರಾತ್ರಿ ಸರ್ಕಾರ ಬೀಳಿಸುತ್ತಿರುತ್ತಾರೆ, ಅದು ಬೇರೆ ಮಾತು.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಸಂವಿಧಾನದ ಪಾಠವನ್ನೇನೋ ಕಡ್ಡಾಯ ಮಾಡಿದೆ, ಒಳ್ಳೆಯದೇ. ಆದರೆ ನಡೆಯೋದೇನು? ಪರೀಕ್ಷೆಯ ಹಿಂದಿನ ರಾತ್ರಿ ಸೀನಿಯರ್ ಕಳಿಸಿದ ಪಿಡಿಎಫ್ ಮೇಲೆ ಕಣ್ಣಾಡಿಸಿ, ಬೆಳಿಗ್ಗೆ ಓಎಂಆರ್ ಹಾಳೆಯ ಗುಂಡಿಗಳಿಗೆ ಮಸಿ ತುಂಬುವುದು. ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿದ್ದು ಎಷ್ಟನೇ ತಿದ್ದುಪಡಿ ಅಂತ ಕೇಳಿ, 61 ಅಂತ ಥಟ್ಟನೆ ಹೇಳುತ್ತಾನೆ. ನಿನ್ನ ವೋಟರ್ ಐಡಿ ಎಲ್ಲಪ್ಪಾ ಅಂದರೆ, "ಊರಿಗೆ ಹೋದಾಗ ಮಾಡಿಸ್ಬೇಕು ಅಂಕಲ್!" ಊರಿಗೆ ಹೋದವನು ಮಧ್ಯಾಹ್ನದವರೆಗೆ ಮಲಗುತ್ತಾನೆ.

ಊರಿಗೆ ಹೋಗಲೇಬೇಕು ಅಂತೇನಿಲ್ಲ. ಓದುವ ಊರಿನ ಹಾಸ್ಟೆಲ್ ವಿಳಾಸದಲ್ಲೇ ಮತದಾರರ ಪಟ್ಟಿಗೆ ಸೇರಬಹುದು. ಎರಡೂ ಕಡೆ ಹೆಸರಿಡುವುದು ಮಾತ್ರ ಅಪರಾಧ. ಅದಕ್ಕಿರುವ ಅರ್ಜಿ ನಮೂನೆ 6, ಮೊಬೈಲಿನಲ್ಲೇ ತುಂಬಬಹುದು. 17 ತುಂಬಿದ್ದರೆ ಮುಂಗಡವಾಗಿಯೇ ಅರ್ಜಿ ಹಾಕಬಹುದು. ನಿಮ್ಮ ಮನೆಯಲ್ಲೊಬ್ಬ ಇಂಜಿನಿಯರಿಂಗ್ ಓದುವವನೋ ಓದುವವಳೋ ಇದ್ದರೆ, ಮುಂದಿನ ಸಲ ಫೀಸು ಕೇಳಲು ಫೋನ್ ಮಾಡಿದಾಗ ಪಟ್ಟಿಗೆ ಹೆಸರು ಸೇರಿಸಿದೆಯಾ ಅಂತ ಒಂದು ಮಾತು ಕೇಳಿ, ಆಮೇಲೆ ದುಡ್ಡು ಹಾಕಿ.