ಧನಗೆರೆಯ ದಾರಿಯಲ್ಲಿ

ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಶಿವನಸಮುದ್ರದ ಕಡೆಗೆ ಹೊರಡುವವರಲ್ಲಿ ಎರಡು ಬಗೆ. ಬುತ್ತಿಯ ಚೀಲ, ನೀರಿನ ಸೀಸೆ, ಮಕ್ಕಳುಮರಿಗಳೊಡನೆ ಗಗನಚುಕ್ಕಿ ಭರಚುಕ್ಕಿಗಳ ದರ್ಶನಕ್ಕೆಂದು ಬಂದವರು ಒಂದು ಬಗೆ. ಕಚೇರಿಯಲ್ಲಿ ಅರ್ಜಿ ಕೊಟ್ಟು, ಅಂಗಡಿಯ ವ್ಯಾಪಾರ ಮುಗಿಸಿ, ಬೇಗ ಮನೆ ಸೇರಿದರೆ ಸಾಕೆನ್ನುವ ಸುತ್ತಲ ಹಳ್ಳಿಯವರು ಇನ್ನೊಂದು ಬಗೆ. ಧನಗೆರೆಯ ಹೆಸರು ಮೊದಲ ಬಗೆಯವರ ಕಿವಿಗೆ ಬೀಳುವುದು ಅಪರೂಪ. ಅಲ್ಲಿ ಜಲಪಾತವಿಲ್ಲ, ನಾಡಿನಾದ್ಯಂತ ಹೆಸರಾದ ಗುಡಿಯಿಲ್ಲ, ಚಿತ್ರ ತೆಗೆದುಕೊಳ್ಳಬೇಕೆನ್ನಿಸುವ ಕೋಟೆಯೂ ಇಲ್ಲ. ಆದರೂ ಒಂದು ದಿನದ ಮಟ್ಟಿಗೆ ಎರಡನೆಯ ಬಗೆಯವರೊಡನೆ ಪಯಣಿಸುವವನಿಗೆ, ನೀರಿನ ಭೋರ್ಗರೆತದಲ್ಲಿ ಕೇಳಿಸದ ಇನ್ನೊಂದು ಕಥೆ ಈ ಸೀಮೆಯಲ್ಲಿ ಕೇಳಿಬರುತ್ತದೆ.

ಹೆಸರಿನಿಂದಲೇ ಆರಂಭಿಸಬಹುದು. ಧನ, ಕೆರೆ ಎಂಬ ಎರಡು ಪದಗಳು ಸೇರಿ, ಕಕಾರಕ್ಕೆ ಗಕಾರ ಬಂದು ಧನಗೆರೆ ಎಂದಾಗಿರಬೇಕು; ಆದೇಶ ಸಂಧಿಗೆ ಶಾಲೆಯ ಹುಡುಗರು ಕೊಡಬಹುದಾದ ಒಳ್ಳೆಯ ಉದಾಹರಣೆ. ಹಳ್ಳಿಯ ನಾಲಗೆ ಮಹಾಪ್ರಾಣವನ್ನು ಅಷ್ಟಾಗಿ ಲೆಕ್ಕಿಸುವುದಿಲ್ಲವಾದುದರಿಂದ ಅದು ಮೂಲದಲ್ಲಿ ದನಗಳು ನೀರು ಕುಡಿಯುತ್ತಿದ್ದ ‘ದನಗೆರೆ’ಯೇ ಏಕಾಗಿರಬಾರದು ಎಂದು ಯಾರಾದರೂ ಕೇಳಿದರೆ ಇಲ್ಲವೆನ್ನುವುದು ಕಷ್ಟ. ಒಕ್ಕಲು ಮಕ್ಕಳಿಗೆ ದನವೇ ಧನವಾಗಿದ್ದ ಕಾಲದಲ್ಲಿ ಎರಡೂ ಒಂದೇ ತಾನೆ!

ಸುತ್ತಣ ನೆಲ ಕಾವೇರಿಯ ಬಯಲು. ನೀರು ಹರಿಯುವೆಡೆ ಭತ್ತ, ಕಬ್ಬು. ಕೊಳ್ಳೇಗಾಲದ ರೇಷ್ಮೆಯ ಹೆಸರಿಗೆ ಆಧಾರವಾದ ಹಿಪ್ಪುನೇರಳೆಯ ತೋಟಗಳು. ಮಳೆಯನ್ನೇ ನಂಬಿದ ಹೊಲಗಳಲ್ಲಿ ರಾಗಿ. ಪೂರ್ವದ ಕಡೆ ಮಲೆಮಹದೇಶ್ವರನ ಬೆಟ್ಟಗಳು, ದಕ್ಷಿಣಕ್ಕೆ ಬಿಳಿಗಿರಿರಂಗನ ಬೆಟ್ಟಗಳು. ನಡುವಣ ಈ ಜನರ ಮನೆಮಾತು ಕನ್ನಡ. ಆದರೆ 1799ರಲ್ಲಿ ಟಿಪ್ಪುವಿನ ಪತನವಾದ ಬಳಿಕ ಕೊಳ್ಳೇಗಾಲ ಸೀಮೆ ಇಂಗ್ಲಿಷರ ಪಾಲಿಗೆ ಹೋಗಿ ಕೊಯಮತ್ತೂರು ಜಿಲ್ಲೆಗೆ ಸೇರಿತು. ಹೊಳೆಯ ಆಚೆ ದಡದಲ್ಲಿ ಮೈಸೂರು ಮಹಾರಾಜರ ರಾಜ್ಯ, ಈಚೆ ಮದರಾಸು ಪ್ರಾಂತ್ಯ. ಒಂದೂವರೆ ಶತಮಾನದ ಕಾಲ ಇಲ್ಲಿಯ ರೈತ ಕನ್ನಡದಲ್ಲಿ ಅತ್ತು, ದೂರದ ಕೊಯಮತ್ತೂರಿನ ಕಡೆಗೆ ಕೈಮುಗಿದ. 1952ರ ಮೊದಲ ಮಹಾಚುನಾವಣೆಯಲ್ಲಿ ಇಲ್ಲಿಯವರು ಮತ ನೀಡಿದ್ದೂ ಮದರಾಸಿನ ವಿಧಾನಸಭೆಗೇ. 1956ರ ನವೆಂಬರ್ 1ರಂದು ತಾಲ್ಲೂಕು ಮೈಸೂರು ರಾಜ್ಯಕ್ಕೆ ಬಂದಿತು. 1997ರಲ್ಲಿ ಚಾಮರಾಜನಗರ ಜಿಲ್ಲೆಯಾದಾಗ ಮತ್ತೊಮ್ಮೆ ವಿಳಾಸ ಬದಲಾಯಿತು. ಮನೆಯ ಹೊಸ್ತಿಲು ದಾಟದೆಯೇ ಇಷ್ಟು ಸರಕಾರಗಳನ್ನು ಕಂಡ ಜನಕ್ಕೆ ಸರಕಾರವೆಂದರೆ ಮಳೆಯಂತೆ, ಮೇಲಿನಿಂದ ಬರುವಂಥದು ಎಂಬ ಭಾವನೆ ಬೆಳೆದಿದ್ದರೆ ಆಶ್ಚರ್ಯವಿಲ್ಲ.

ಈ ಭಾವನೆಗೆ ಕಲ್ಲಿನ ಸಾಕ್ಷಿಯೊಂದು ಶಿವನಸಮುದ್ರದಲ್ಲಿದೆ. 1830ರ ಆಸುಪಾಸಿನಲ್ಲಿ ಟಿ. ರಾಮಸ್ವಾಮಿ ಮೊದಲಿಯಾರ್ ಎಂಬ ಮಹನೀಯರು, ಪಾಳುಬಿದ್ದಿದ್ದ ಆ ದ್ವೀಪದ ಕಾಡು ಕಡಿಸಿ, ಗುಡಿಗಳನ್ನು ಜೀರ್ಣೋದ್ಧಾರ ಮಾಡಿಸಿ, ಕಾವೇರಿಯ ಕವಲುಗಳಿಗೆ ಕಲ್ಲುಕಂಬದ ಸೇತುವೆಗಳನ್ನು ಕಟ್ಟಿಸಿದರು. ವೆಲ್ಲೆಸ್ಲಿಯ ಹೆಸರು ಹೊತ್ತ ಸೇತುವೆ ಇವುಗಳಲ್ಲೊಂದು. 2018ರ ಪ್ರವಾಹದಲ್ಲಿ ಅದರ ಒಂದು ಭಾಗ ಕುಸಿಯಿತು. ಉಳಿದುದನ್ನು ನೋಡಿದರೂ ಕಟ್ಟಿದವರ ಕೈಚಳಕಕ್ಕೆ ತಲೆದೂಗಬೇಕು. ಇಂಗ್ಲಿಷರು ಮೊದಲಿಯಾರರಿಗೆ ‘ಜನೋಪಕಾರ ಕಾಮಕರ್ತ’ ಎಂಬ ಬಿರುದನ್ನೂ ಹಳ್ಳಿಗಳ ಜಹಗೀರನ್ನೂ ಕೊಟ್ಟರು. ಮೈಸೂರಿನವರೂ ತಮ್ಮ ಕಡೆಯ ಹಳ್ಳಿಗಳನ್ನು ಸೇರಿಸಿದರು. ಬಿರುದು ಸುಂದರವಾಗಿದೆ, ಸಲ್ಲತಕ್ಕವರಿಗೇ ಸಂದಿದೆ. ಆದರೆ ಆ ಮಾತನ್ನು ಕೊಂಚ ನಿಧಾನವಾಗಿ ಓದಬೇಕು. ಸೇತುವೆ ಜನಕ್ಕೆ ಆದ ಉಪಕಾರ. ಉಪಕಾರಕ್ಕೆ ಪ್ರತಿಯಾಗಿ ಆ ಜನರ ಹಳ್ಳಿಗಳೇ ಇನಾಮು! ಹಳ್ಳಿಯ ಪರವಾಗಿ ಯಾರನ್ನೂ ಯಾರೂ ಕೇಳಿದಂತೆ ಕಾಣುವುದಿಲ್ಲ. ಕೇಳಬೇಕೆಂದು ಆ ಕಾಲದಲ್ಲಿ ಯಾರಿಗೂ ತೋಚಿರಲಾರದು.

‘ಉಪಕಾರ’ ಎಂಬ ಈ ಮಾತು ‘ಹಕ್ಕು’ ಎಂಬ ಮಾತಾಗಿ ಬದಲಾಗುವುದೇ ಪ್ರಜಾಪ್ರಭುತ್ವ ಎನ್ನುವುದಾದರೆ, ಆ ಬದಲಾವಣೆಗೆ ಒಂದು ಪಾಠಶಾಲೆ ಬೇಕು. ಆ ಪಾಠಶಾಲೆಯನ್ನು ಕಟ್ಟಿದವರು ಇದೇ ಸೀಮೆಯವರೆಂಬುದು ಇಲ್ಲಿಯವರು ಅಭಿಮಾನಪಡತಕ್ಕ ಸಂಗತಿ. ಇಂದಿನ ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆಯವರಾದ ಅಬ್ದುಲ್ ನಜೀರ್ ಸಾಬ್ ಅವರನ್ನು ಜನ ನೆನೆಯುವುದು ‘ನೀರು ಸಾಬ್’ ಎಂದು. ಬರಗಾಲದ ಹಳ್ಳಿಗಳಲ್ಲಿ ಕೊಳವೆಬಾವಿ ತೋಡಿಸಿದ ಮಂತ್ರಿ ಅವರು. ಅಷ್ಟೇ ಆಗಿದ್ದರೆ ಅವರೂ ಇನ್ನೊಬ್ಬ ಜನೋಪಕಾರ ಕಾಮಕರ್ತರಾಗಿ ಉಳಿಯುತ್ತಿದ್ದರು. ರಾಮಕೃಷ್ಣ ಹೆಗಡೆಯವರ ಸಂಪುಟದಲ್ಲಿ ಅವರು ಮುಂದೆ ನಿಂತು ಮಾಡಿಸಿದ 1983ರ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳ ಕಾನೂನು, ಬಾವಿ ಎಲ್ಲಿ ತೋಡಬೇಕೆಂಬ ತೀರ್ಮಾನವನ್ನೇ ಹಳ್ಳಿಯವರ ಕೈಗೆ ಕೊಡಹೊರಟಿತು. ನೂರಕ್ಕೆ 25 ಸ್ಥಾನಗಳು ಹೆಂಗಸರಿಗೆ ಮೀಸಲಾದವು. 1987ರಲ್ಲಿ ಚುನಾವಣೆ ನಡೆಯಿತು. ಮರುವರ್ಷವೇ ನಜೀರ್ ಸಾಬರು ತೀರಿಕೊಂಡರು. ಸಂವಿಧಾನದ 73ನೆಯ ತಿದ್ದುಪಡಿ ಇಡೀ ದೇಶದ ಹಳ್ಳಿಗಳಿಗೆ ಇಂಥದೊಂದು ವ್ಯವಸ್ಥೆಯನ್ನು ಕಡ್ಡಾಯ ಮಾಡಿದುದು ಅದಾದ ಮೇಲೆ, 1993ರಲ್ಲಿ. 2010ರಲ್ಲಿ ಕರ್ನಾಟಕದ ಪಂಚಾಯತಿಗಳಲ್ಲಿ ಹೆಂಗಸರ ಪಾಲು ಅರ್ಧಕ್ಕೇರಿತು.

ಸ್ಥಾನ ಕೊಟ್ಟೊಡನೆ ನಾಯಕರು ಹುಟ್ಟುವುದಿಲ್ಲ. ಮೈಸೂರಿನಲ್ಲಿ ನಜೀರ್ ಸಾಬರ ಹೆಸರಿನಲ್ಲೇ ಇರುವ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆ ಚುನಾಯಿತ ಸದಸ್ಯರಿಗೆ ತರಬೇತಿ ನೀಡುವ ಕೇಂದ್ರ. ಸಾವಿರಾರು ಸದಸ್ಯರನ್ನು ಒಂದೇ ಊರಿಗೆ ಕರೆಸುವುದು ಆಗದ ಮಾತಾದ್ದರಿಂದ, ಉಪಗ್ರಹದ ಮೂಲಕ ಪಾಠವನ್ನು ತಾಲ್ಲೂಕು ತಾಲ್ಲೂಕಿಗೂ ಬಿತ್ತರಿಸುವ ಉಪಾಯವನ್ನು ಅದು ಕಂಡುಕೊಂಡಿತು. ತಾಲ್ಲೂಕು ಕೇಂದ್ರಗಳಲ್ಲಿ ‘ಸಾಮರ್ಥ್ಯ ಸೌಧ’ ಎಂಬ ಹೆಸರಿನ ತರಬೇತಿ ಕಟ್ಟಡಗಳೆದ್ದವು. ಹೊಲದ ಕೆಲಸ ಬಿಟ್ಟು, ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಬಂದ ತಾಯಿ, ಪರದೆಯ ಮೇಲೆ ಮೈಸೂರಿನ ಅಧಿಕಾರಿ ಆಯವ್ಯಯ ವಿವರಿಸುವುದನ್ನು ಕೇಳಿ, ದೂರವಾಣಿಯಲ್ಲಿ ತನ್ನ ಊರಿನ ಚರಂಡಿಯ ಮಾತೆತ್ತಿ ಉತ್ತರ ಬೇಡುವ ನೋಟ ಈ ದೇಶದಲ್ಲಿ ಮಾತ್ರ ಸಾಧ್ಯವೇನೊ.

ಗ್ರಾಮಸಭೆ ಎಷ್ಟು ತಿಂಗಳಿಗೊಮ್ಮೆ, ನಡಾವಳಿ ಬರೆಯುವುದು ಹೇಗೆ, ಕಂದಾಯ ಎಷ್ಟು, ಇವೆಲ್ಲ ಕಲಿಸಬಹುದಾದ ವಿಷಯಗಳು. ಕಲಿಸಲಾಗದ ಒಂದು ವಿದ್ಯೆಯಿದೆ: ಕುರ್ಚಿಯಲ್ಲಿ ಕೂರುವ ವಿದ್ಯೆ. ತಲೆತಲಾಂತರದಿಂದ ಜಗಲಿಯ ಕೆಳಗೆ ನಿಂತು ಮಾತನಾಡಿದ ಮನೆಯ ಹೆಣ್ಣುಮಗಳು, ಜಗಲಿಯ ಮೇಲೆ ಕೂರುತ್ತಿದ್ದ ಮನೆಯ ಯಜಮಾನರ ಎದುರಿಗೆ ಅಧ್ಯಕ್ಷಿಣಿಯಾಗಿ ಕೂರಬೇಕು. ಕಾಲು ತಾನಾಗಿ ಎದ್ದು ನಿಲ್ಲುತ್ತದೆ. “ಕೂತ್ಕೊಳವ್ವ” ಎಂದು ಯಜಮಾನರೇ ಹೇಳಿದರೆ, ಅದೂ ಅವರ ಉಪಕಾರವೇ ಆಗಿಬಿಡುತ್ತದೆ! ಇನ್ನು ಹೆಂಡತಿಯ ಹೆಸರಿನಲ್ಲಿ ಗಂಡನೇ ಅಧಿಕಾರ ನಡೆಸುವ ಪರಿಪಾಠ ಎಲ್ಲರಿಗೂ ಗೊತ್ತಿರುವುದೇ. ಇದನ್ನು ನಗರದವರು ನಗೆಹನಿಯಾಗಿ ಹೇಳಿಕೊಳ್ಳುವುದುಂಟು. ನಗುವ ಮುನ್ನ ತಮ್ಮ ಮನೆಯ ಬ್ಯಾಂಕ್ ಪುಸ್ತಕ ಯಾರ ಹೆಸರಿನಲ್ಲಿದೆ, ಯಾರ ಬೀರುವಿನಲ್ಲಿದೆ ಎಂದು ಅವರು ನೋಡಿಕೊಳ್ಳುವುದು ಲೇಸು.

ಈ ತೊಡಕು ಧನಗೆರೆಯ ಸೀಮೆಗೆ ಮಾತ್ರ ಅಂಟಿದ್ದಲ್ಲ. ಅರಸೊತ್ತಿಗೆಯಿಂದ ಪ್ರಜಾಪ್ರಭುತ್ವಕ್ಕೆ ದಾಟುತ್ತಿದ್ದ ಭೂತಾನ 2007ರಲ್ಲಿ ಒಂದು ಅಣಕು ಚುನಾವಣೆಯನ್ನು ಏರ್ಪಡಿಸಿತು. ಕೆಂಪು, ನೀಲಿ, ಹಸಿರು, ಹಳದಿ ಎಂಬ ನಾಲ್ಕು ಕಲ್ಪಿತ ಪಕ್ಷಗಳು. ಪ್ರೌಢಶಾಲೆಯ ವಿದ್ಯಾರ್ಥಿಗಳೇ ಅಭ್ಯರ್ಥಿಗಳು. ಮತ ಹಾಕುವುದನ್ನು ಜನ ಕಲಿಯಲಿ ಎಂಬುದೇ ಉದ್ದೇಶ. ಹಳದಿಗೆ ಭಾರಿ ಜಯ ದೊರೆಯಿತು. ಹಳದಿ ಅಲ್ಲಿಯ ಅರಸರ ಬಣ್ಣ! ನಿಜವಾದ ಚುನಾವಣೆ ನಡೆದುದು 2008ರಲ್ಲಿ. ನೇಪಾಳ ಅರಸೊತ್ತಿಗೆಯನ್ನು ಕಳೆದುಕೊಂಡ ಮೇಲೆ, 2017ರ ಸ್ಥಳೀಯ ಚುನಾವಣೆಯಲ್ಲಿ ಪ್ರತಿಯೊಂದು ವಾರ್ಡಿನಲ್ಲೂ ಒಬ್ಬ ದಲಿತ ಮಹಿಳೆಗೆ ಸ್ಥಾನ ಮೀಸಲಿಟ್ಟಿತು. ಆ ಸಾವಿರಾರು ಹೆಂಗಸರೂ ಮೊದಲ ದಿನ ಇದೇ ಕುರ್ಚಿಯ ಮುಂದೆ ಬಂದು ನಿಂತಿರಬೇಕು.

ಹಳ್ಳಿಯೇ ಪ್ರಜಾಪ್ರಭುತ್ವದ ಶಾಲೆಯಾಗಬಲ್ಲದೆ ಎಂಬ ಸಂದೇಹವನ್ನು ಎಲ್ಲರಿಗಿಂತ ಕಟುವಾಗಿ ಎತ್ತಿದವರು ಅಂಬೇಡ್ಕರ್. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಕರಡನ್ನು ಮಂಡಿಸುತ್ತ, ಹಳ್ಳಿಯನ್ನು ಕೊಂಡಾಡುವವರನ್ನು ಅವರು ನಿಷ್ಠುರವಾಗಿ ಟೀಕಿಸಿದರು. ಅವರ ಕಣ್ಣಿಗೆ ಅದು ಅಜ್ಞಾನದ, ಸಂಕುಚಿತ ಬುದ್ಧಿಯ ತಾಣವಾಗಿತ್ತು. ಮುಂದಿನ ತಿಂಗಳು, ಡಿಸೆಂಬರ್ 10ರಂದು, ವಿಶ್ವಸಂಸ್ಥೆ ಮಾನವ ಹಕ್ಕುಗಳ ಘೋಷಣೆಯನ್ನು ಅಂಗೀಕರಿಸಿತು. ಊರಕೆರೆಯ ನೀರು ಮುಟ್ಟಲು ಬಿಡದ ಹಳ್ಳಿಗಳನ್ನು ಕಂಡವರ ಮಾತು ಅದು. ಕೆರೆಯ ಹೆಸರನ್ನೇ ಹೊತ್ತ ಊರಿನ ಬಳಿ ಅದನ್ನು ನೆನೆಯದಿದ್ದರೆ ಅಪಚಾರವಾದೀತು.

ಆದರೆ ಈ ಸೀಮೆಯ ಮಣ್ಣಿನಲ್ಲಿ ಸಮಾನತೆಯ ನೆನಪು ತೀರ ಬತ್ತಿದ್ದೂ ಅಲ್ಲ. ಬನದ ಹುಣ್ಣಿಮೆಯ ಚಿಕ್ಕಲ್ಲೂರು ಜಾತ್ರೆಯಲ್ಲಿ ಸಿದ್ಧಪ್ಪಾಜಿಯ ಒಕ್ಕಲಿನವರು ನಡೆಸುವ ಪಂಕ್ತಿಸೇವೆಯಲ್ಲಿ ಹಲವು ಜಾತಿಯವರು ಬಯಲಿನಲ್ಲಿ ಅಡಿಗೆ ಮಾಡಿ ಉಣ್ಣುತ್ತಾರೆ. ಮಂಟೇಸ್ವಾಮಿಯ ಪರಂಪರೆಯನ್ನು ಹಾಡುವ ನೀಲಗಾರರಿಗೆ ಯಾವ ಸೌಧದಲ್ಲೂ ಈ ಪಾಠ ಹೇಳಿಕೊಟ್ಟವರಿಲ್ಲ. ಜಾತ್ರೆಯ ಪಂಕ್ತಿ ಊರಿಗೆ ಮರಳಿದ ಮೇಲೆ ಎಷ್ಟು ದಿನ ಉಳಿಯುತ್ತದೆ ಎಂಬುದು ಬೇರೆ ಮಾತು.

ಹಕ್ಕನ್ನು ಕಲಿತು ಪಡೆದವರ ಉದಾಹರಣೆ ಬೇಕಾದರೆ ದಕ್ಷಿಣದ ಬೆಟ್ಟವನ್ನು ನೋಡಬೇಕು. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಕಾಡು ಮನೆ. 1974ರಲ್ಲಿ ಅದು ವನ್ಯಜೀವಿಧಾಮವಾದಾಗ ಅವರು ತಮ್ಮ ಮನೆಯಲ್ಲೇ ಅಪ್ಪಣೆ ಬೇಡುವವರಾದರು. 1981ರಲ್ಲಿ ಡಾ. ಎಚ್. ಸುದರ್ಶನ್ ಅಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದರು. ಔಷಧದಿಂದ ಆರಂಭವಾದುದು ಶಾಲೆಗೆ, ಶಾಲೆಯಿಂದ ಸಂಘಟನೆಗೆ ಬೆಳೆಯಿತು. 2006ರ ಅರಣ್ಯ ಹಕ್ಕು ಕಾಯಿದೆಯನ್ನು ಕೈಯಲ್ಲಿ ಹಿಡಿದು ಪೋಡುಗಳ ಜನ ತಮ್ಮ ಗ್ರಾಮಸಭೆಗಳಲ್ಲಿ ಕುಳಿತರು, ಜೇನಿನ ಮರ, ದೇವರ ಬನ, ನೀರಿನ ತಾಣಗಳನ್ನು ಗುರುತುಮಾಡಿ ಅರ್ಜಿ ಬರೆದರು. 2011ರಲ್ಲಿ, ಹುಲಿ ಮೀಸಲು ಪ್ರದೇಶವೆಂದು ಘೋಷಣೆಯಾದ ವರ್ಷದಲ್ಲೇ, ಹಲವು ಪೋಡುಗಳ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕಿನ ಪತ್ರಗಳು ದೊರೆತವು. ಅದನ್ನು ಉಪಕಾರವೆಂದು ಕರೆಯಲು ಯಾವ ಅಧಿಕಾರಿಗೂ ಸಾಧ್ಯವಿಲ್ಲ.

ಮತದ ಬೆಲೆಯನ್ನಂತೂ ಈ ಸೀಮೆಗೆ ಹೊರಗಿನವರು ಬಂದು ಬೋಧಿಸಬೇಕಿಲ್ಲ. 2004ರಲ್ಲಿ ನೆರೆಯ ಸಂತೇಮರಹಳ್ಳಿ ವಿಧಾನಸಭಾ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತಗಳು, ಎ.ಆರ್. ಕೃಷ್ಣಮೂರ್ತಿಯವರಿಗೆ 40,751. ಒಂದೇ ಒಂದು! ಸೋತವರ ವಾಹನದ ಚಾಲಕನೇ ಅಂದು ಮತ ಹಾಕಿರಲಿಲ್ಲವೆಂದು ಆಮೇಲೆ ಸುದ್ದಿ ಹಬ್ಬಿತು. ಕೃಷ್ಣಮೂರ್ತಿಯವರು 2023ರಲ್ಲಿ ಕೊಳ್ಳೇಗಾಲ ಕ್ಷೇತ್ರದಿಂದ ಗೆದ್ದು ಬಂದರು. ಆದರೂ ಸುತ್ತಲ ಊರುಗಳಲ್ಲಿ ಚುನಾವಣೆ ಬಂದಾಗಲೆಲ್ಲ ಹಳೆಯ ಕಥೆಯೇ ಮತ್ತೆ ಮತ್ತೆ ಹೊರಬೀಳುತ್ತದೆ.

ಆದರೆ ಮತದಾನ ಐದು ವರ್ಷಕ್ಕೊಮ್ಮೆ. ನಡುವಣ ದಿನಗಳ ವಿದ್ಯೆ ಯಾರಿಗೆ ಬೇಗ ಹತ್ತುತ್ತದೆ? ದೊಡ್ಡವರಿಗಿಂತ ಮಕ್ಕಳಿಗೇ ಎನ್ನಬೇಕು. ಕರ್ನಾಟಕದಲ್ಲಿ ಪಂಚಾಯತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ಕರೆಯಬೇಕೆಂಬ ನಿಯಮ ಬಂದಿದೆ. 2023ರಿಂದ ಶಾಲೆಗಳಲ್ಲಿ ಸಂವಿಧಾನದ ಪೀಠಿಕೆಯ ವಾಚನವೂ ನಡೆಯುತ್ತಿದೆ. ಬೆಳಗಿನ ಬಿಸಿಲಿನಲ್ಲಿ ಸಾಲಾಗಿ ನಿಂತು ಆ ಉದ್ದನೆಯ ವಾಕ್ಯವನ್ನು ಉಸಿರು ಕಟ್ಟಿ ಹೇಳುವ ಮಕ್ಕಳಿಗೆ ಅದರ ಸಂಸ್ಕೃತ ಪದಗಳೆಲ್ಲ ಅರ್ಥವಾಗುತ್ತವೆಂದು ನಂಬುವುದು ಕಷ್ಟ. ಮಕ್ಕಳ ಗ್ರಾಮಸಭೆಯ ಭಾಷೆಯೇ ಬೇರೆ. ಅಲ್ಲಿ ಏಳುವ ಪ್ರಶ್ನೆಗಳು ಎಲ್ಲ ಊರಲ್ಲೂ ಹೆಚ್ಚುಕಡಿಮೆ ಒಂದೇ: ಶೌಚಾಲಯಕ್ಕೆ ನೀರು ಯಾವಾಗ ಬರುತ್ತದೆ? ಶಾಲೆ ಬಿಟ್ಟ ಮೇಲೆ ಬಸ್ಸು ಏಕಿಲ್ಲ? ಹೋದ ಸಲವೂ ಇದನ್ನೇ ಕೇಳಿದ್ದೆವಲ್ಲ?

ಈ ಮೂರನೆಯ ಪ್ರಶ್ನೆಗೆ ದೊಡ್ಡವರು ಒಮ್ಮೆಲೇ ಬೆಚ್ಚುತ್ತಾರೆ. ಮೊದಲೆರಡನ್ನು ಮಕ್ಕಳು ಬೇಡುತ್ತಿದ್ದಾರೆ. ಮೂರನೆಯದರಲ್ಲಿ ಲೆಕ್ಕ ಕೇಳುತ್ತಿದ್ದಾರೆ. ಹೋದ ಸಲದ ನಡಾವಳಿ ಪುಸ್ತಕವನ್ನು ತರಬೇಕಾಗುತ್ತದೆ, ಪುಟ ತಿರುವಬೇಕಾಗುತ್ತದೆ, ಬರೆದದ್ದನ್ನು ಗಟ್ಟಿಯಾಗಿ ಓದಬೇಕಾಗುತ್ತದೆ. ಕೆಲವು ಕಡೆ ಪುಸ್ತಕ ಬರುತ್ತದೆ, ಕೆಲವು ಕಡೆ ಬಿಸ್ಕತ್ತು ಮಾತ್ರ ಬರುತ್ತದೆ.

ಸಂಜೆಯ ಬಸ್ಸು ಕೊಳ್ಳೇಗಾಲದತ್ತ ಮರಳುವಾಗ ಜಲಪಾತ ನೋಡಿ ಬಂದವರು ಸೀಟಿಗೊರಗಿ ತೂಕಡಿಸುತ್ತಾರೆ. ಹಿಪ್ಪುನೇರಳೆಯ ತೋಟಗಳ ಮೇಲೆ ಕತ್ತಲು ಇಳಿಯುತ್ತದೆ. ದಾರಿಬದಿಯಲ್ಲಿ ಸಮವಸ್ತ್ರದ ಹೆಣ್ಣುಮಕ್ಕಳ ಗುಂಪೊಂದು ಚೀಲ ಹೊತ್ತು ನಡೆದೇ ಮನೆಯ ಕಡೆ ಹೊರಟಿರುತ್ತದೆ.